ಆಗಲೇ ಇಟ್ಟ ಹೆಸರು

ಬಾಥೆಲ್, ಅಮೆರಿಕ
14 ನವೆಂಬರ್ 2024

ಪ್ರೀತಿಯ ಅಮ್ಮನಿಗೆ,

ನಮಸ್ಕಾರ. ಬಗ್ಗಲು ಹೊಟ್ಟೆ ಅಡ್ಡ ಬರುತ್ತದೆ, ಕೂತಲ್ಲಿಂದಲೇ ಕೈಮುಗಿದಿದ್ದೇನೆ ಅಂದುಕೋ. ಏಳು ತಿಂಗಳು ತುಂಬಿತು, ಎಲ್ಲ ಸರಿಯಾಗಿದೆ ಎಂದು ಡಾಕ್ಟರು ಹೇಳಿದ್ದಾರೆ. ದಿನಾ ವಿಡಿಯೋ ಕಾಲಿನಲ್ಲಿ ಮುಖ ತೋರಿಸುವವಳು ಕಾಗದ ಯಾಕೆ ಬರೆದಳು ಎಂದು ಗಾಬರಿಯಾಗಬೇಡ. ಫೋನ್ ಮಾಡುವಾಗ ಸುಮುಖ್ ಪಕ್ಕದಲ್ಲೇ ಇರುತ್ತಾನೆ, ಇದು ಗಂಡನ ಎದುರು ಆಡುವ ಮಾತಲ್ಲ. ಬೆಲ್ವ್ಯೂನ ನನ್ನ ಸ್ನೇಹಿತೆ ಭಾವನಾ ಮೈಸೂರಿಗೆ ಬರುತ್ತಿದ್ದಾಳೆ, ಅವಳ ಕೈಯಲ್ಲಿ ಕಳಿಸುತ್ತಿದ್ದೇನೆ.

ಮೊನ್ನೆ ನೀನು, "ಇದೂ ಗಂಡೇ ಅಂತೀಯ, ಆ ಹೆಸರು ಯಾರಿಗೂ ಇಟ್ಟಿಲ್ವಲ್ಲ, ಇವನಿಗೇ ಇಡೋಣ" ಅಂದೆ. ನಾನು ಸಿಗ್ನಲ್ ಇಲ್ಲ ಎಂದು ಫೋನಿಟ್ಟೆ. ಸಿಗ್ನಲ್ ಇತ್ತು. ಅಮ್ಮ, ಆ ಹೆಸರು ಆಗಲೇ ಇಟ್ಟಾಗಿದೆ. ದಯವಿಟ್ಟು ಈ ಮಗುವಿಗೆ ಬೇರೆ ಹೆಸರು ಹುಡುಕು.

ನೀನು ಅಕ್ಕಪಕ್ಕದವರಿಗೆಲ್ಲ ನನ್ನ ಮಗಳು ಔಷಧಿ ಕಂಡುಹಿಡಿಯುತ್ತಾಳೆ ಅನ್ನುತ್ತೀಯ, ಯಾರಿಗೆ ಔಷಧಿ ಎಂದು ಮಾತ್ರ ಬಾಯಿಬಿಡುವುದಿಲ್ಲ. ಕ್ಯಾನ್ಯನ್ ಪಾರ್ಕಿನ ನಮ್ಮ ಲ್ಯಾಬು ಹಂದಿಮರಿಗಳ ಮೆದುಳುಜ್ವರಕ್ಕೆ ಮದ್ದು ಹುಡುಕುತ್ತಿದೆ. ಆ ಜ್ವರ ತರುವ ಬ್ಯಾಕ್ಟೀರಿಯಾವನ್ನು ತಿಂದು ಮುಗಿಸುವ ವೈರಸ್ಸುಗಳಿವೆ, ಅವಕ್ಕೆ ಫೇಜ್ ಅನ್ನುತ್ತೇವೆ. ಬ್ಯಾಕ್ಟೀರಿಯಾ ಬೆಳೆಸಿದ ತಟ್ಟೆಯ ಮೇಲೆ ಒಂದು ಹನಿ ಬಿಟ್ಟರೆ, ಮಾರನೆಯ ದಿನ ಮಬ್ಬಾಗಿ ಬೆಳೆದ ಪದರದ ನಡುವೆ ತೂತು ಬಿದ್ದ ಹಾಗೆ ತಿಳಿಯಾದ ಗುಂಡನೆಯ ಗುರುತು ಮೂಡಿರುತ್ತದೆ. ಹೊಸ ಫೇಜ್ ಯಾರಿಗೆ ಸಿಕ್ಕಿತೋ ಅವರೇ ಹೆಸರಿಡುವುದು ನಮ್ಮ ಕಸುಬಿನ ಪದ್ಧತಿ. ಒಬ್ಬರು ಸಾಕಿದ ನಾಯಿಯ ಹೆಸರಿಡುತ್ತಾರೆ, ಇನ್ನೊಬ್ಬರು ಇಷ್ಟದ ತಿಂಡಿಯ ಹೆಸರು.

ಹೋದ ವರ್ಷ ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದು, ಮತ್ತೆ ಕೆಲಸಕ್ಕೆ ಹೋದ ವಾರವೇ ಒಂದು ಹಂದಿ ಫಾರ್ಮಿನ ಚರಂಡಿ ನೀರಿನಲ್ಲಿ ನನಗೊಂದು ಸಿಕ್ಕಿತು. ಉಸಿರೇ ಆಡದೆ ಹುಟ್ಟಿದವನಿಗೆ ನಾಮಕರಣ ಎಲ್ಲಿಂದ ಬರಬೇಕು? ನೀನೂ ನಾನೂ ಗುಟ್ಟಾಗಿ ಆರಿಸಿದ್ದ ಹೆಸರನ್ನೇ ಅದಕ್ಕೆ ಇಟ್ಟೆ. ಲ್ಯಾಬಿನವರೆಲ್ಲ ತಪ್ಪುತಪ್ಪಾಗಿಯಾದರೂ ಆ ಹೆಸರು ಹಿಡಿದು ಮಾತಾಡುವಾಗ ನನಗೆ ಎಷ್ಟು ಸಂತೋಷವಾಗುತ್ತಿತ್ತು ಗೊತ್ತಾ ಅಮ್ಮ!

ಅದು ಚೆನ್ನಾಗಿಯೇ ಕೆಲಸ ಮಾಡಿತು. ಕುತ್ತಿಗೆ ಹಿಂದಕ್ಕೆ ಸೆಟೆದು, ಮಲಗಿದಲ್ಲೇ ಕಾಲು ಬಡಿಯುತ್ತಿದ್ದ ಮರಿಗಳು ಎದ್ದು ಹಾಲು ಕುಡಿದವು. ಆಮೇಲೆ, ಹೋಲಿಸಿ ನೋಡಲೆಂದು ಮದ್ದು ಕೊಡದೆ ಬೇರೆ ಕೋಣೆಯಲ್ಲಿಟ್ಟಿದ್ದ ಮರಿಗಳೂ ಎದ್ದವು. ಅವುಗಳ ರಕ್ತದಲ್ಲೂ ನನ್ನ ಫೇಜ್ ಇತ್ತು. ಯಾರೂ ಕೊಟ್ಟಿರಲಿಲ್ಲ.

ಬಸುರಿ ಎಂದು ತಿಳಿದ ಮೇಲೆ ನನ್ನನ್ನು ಕಂಪ್ಯೂಟರ್ ಮುಂದೆ ಕೂರಿಸಿದ್ದಾರೆ, ಒಂದು ತಟ್ಟೆಯನ್ನೂ ಮುಟ್ಟುವ ಹಾಗಿಲ್ಲ. ಆದರೂ ನಾನು ಬಾಗಿಲಲ್ಲಿ ನಿಂತು ಮಾತಾಡಿ ಹೋದರೆ ಸಾಕು, ಫೇಜ್ ಹಾಕದ ತಟ್ಟೆಗಳಲ್ಲೂ ತೂತುಗಳು ಮೂಡುತ್ತವೆ. ರಜೆ ಹಾಕಿದ ದಿನ ಒಂದೂ ಇರುವುದಿಲ್ಲ. ಜೊತೆಯಲ್ಲಿ ಕೆಲಸ ಮಾಡುವ ಹಾಸನದ ರಾಕೇಶ್ ಮೊದಮೊದಲು ತಮಾಷೆ ಮಾಡುತ್ತಿದ್ದ. ಹೋದ ವಾರ ನನ್ನ ಮುಖ ನೋಡದೆ, "ಯಾಮಿನಿ, ಅದು ನಿಮ್ಮ ಹಿಂದೇನೇ ಬರ್ತಿದೆ ಕಣ್ರೀ" ಅಂದ.

ಮನೆಯಲ್ಲಿ ಮೊಸರು ಹೆಪ್ಪಾಗುತ್ತಿಲ್ಲ. ಭಾವನಾ ಮನೆಯಲ್ಲಿ ಗಟ್ಟಿಯಾಗಿ ಕೂರುವ ಅದೇ ಹೆಪ್ಪನ್ನು ತಂದು ಹಾಕಿದರೂ ನಮ್ಮಲ್ಲಿ ಹಾಲು ಹಾಲಾಗಿಯೇ ಇರುತ್ತದೆ. ಚಳಿಗೆ ಹೀಗೆ ಎಂದು ಸುಮುಖ್ ಓವನ್ನಿನಲ್ಲಿಟ್ಟು ನೋಡಿದ, ಏನೂ ಆಗಲಿಲ್ಲ. ಹಂದಿಯ ರೋಗದ ಫೇಜ್ ಮೊಸರಿನ ಬ್ಯಾಕ್ಟೀರಿಯಾವನ್ನು ಮುಟ್ಟಲಾರದು. ಇದನ್ನೇ ಓದಿದವಳು ನಾನು, ಆದರೂ ಆ ಪಾತ್ರೆಯ ಮುಚ್ಚಳವನ್ನು ಸುಮುಖ್ ಕೈಯಲ್ಲೇ ತೆಗೆಸುತ್ತೇನೆ. ಭಯ ನನ್ನ ಬಗ್ಗೆ ಅಲ್ಲ, ಒಳಗಿರುವವನ ಬಗ್ಗೆ. ಅಣ್ಣನಿಗೆ ತಮ್ಮನನ್ನು ಕಂಡರೆ ಹೊಟ್ಟೆಕಿಚ್ಚೇನೋ ಅನ್ನಿಸುತ್ತದೆ.

ಬೇರೆ ಪ್ರಯೋಗಗಳೆಲ್ಲ ಕೆಡುತ್ತಿವೆ, ಆ ಫೇಜ್ ಒಂದು ಹನಿಯೂ ಉಳಿಯಕೂಡದು ಎಂದು ನಮ್ಮ ಮುಖ್ಯಸ್ಥೆ ಹೇಳಿಬಿಟ್ಟಳು. ಆ ಕೆಲಸ ನನ್ನ ಕೈಯಿಂದಲೇ ಆಗಲಿ ಎಂದು ಕೇಳಿಕೊಂಡೆ. ನಮ್ಮಲ್ಲಿ ಆಟೋಕ್ಲೇವ್ ಎಂಬ ಆಳೆತ್ತರದ ಕುಕ್ಕರ್ ಇದೆ, ಅದರ ಆವಿಯಲ್ಲಿ ಯಾವುದೂ ಬದುಕುವುದಿಲ್ಲ. ನಿನ್ನೆ ಎಲ್ಲ ಶೀಶೆಗಳನ್ನೂ ಅದರಲ್ಲಿಟ್ಟು ಮುಗಿಸಿದೆ. ಅತ್ತುಬಿಟ್ಟೆ, ಮನಸ್ಸು ಹಗುರವಾಯಿತು. ಇವನು ಇನ್ನೊಬ್ಬರ ಹೆಸರು ಹೊತ್ತು ಬರುವುದು ಬೇಡ. ನೀನು ಬಾಣಂತನಕ್ಕೆ ಬರುವಾಗ ಒಂದು ಹೊಸ ಹೆಸರು ತಾ.

ನಿನ್ನ ಮಗಳು,
ಯಾಮಿನಿ

ತಾ. ಕ.: ಕವರ್ ಅಂಟಿಸಿದ್ದೆ, ಬಿಚ್ಚಿ ಬರೆಯುತ್ತಿದ್ದೇನೆ. ಎಲ್ಲ ಮುಗಿಸಿದೆ ಎಂದದ್ದು ಸುಳ್ಳು. ಕೊನೆಯ ಶೀಶೆಯನ್ನು ಒಳಗಿಟ್ಟು ಬಾಗಿಲು ಹಾಕಿದಾಗ ಹೊಟ್ಟೆಯೊಳಗಿನ ಓಡಾಟ ನಿಂತುಹೋಯಿತು. ಕಾದೆ. ಹೋದ ಸಲ ಹೇಗಿತ್ತೋ ಹಾಗೇ ಇತ್ತು ಅಮ್ಮ. ಬಾಗಿಲು ತೆಗೆದು ಶೀಶೆಯನ್ನು ಕೈಗೆತ್ತಿಕೊಂಡೆ, ಒದ್ದ. ಒಂದು ಸಲ ಆದದ್ದನ್ನು ನಮ್ಮ ಕೆಲಸದಲ್ಲಿ ಯಾರೂ ನಂಬುವುದಿಲ್ಲ, ಅದಕ್ಕೇ ಮತ್ತೆರಡು ಸಲ ಒಳಗಿಟ್ಟು, ಹೊರಗೆ ತೆಗೆದು ನೋಡಿದೆ. ಶೀಶೆ ಈಗ ನನ್ನ ಕೋಟಿನ ಜೇಬಿನಲ್ಲಿದೆ. ಬೇರೆ ಹೆಸರು ಹುಡುಕಬೇಡ.