ಕಲ್ಲಿನ ಒಳಮೈಯಲ್ಲಿ ನಿಮ್ಮ ಹೆಸರು

ಪ್ರೀತಿಯ ಅಪ್ಪಾ,

ನನ್ನ ಮದುವೆಯಾಯಿತು! ನಿನ್ನೆ ರಿಜಿಸ್ಟ್ರಾರ್ ಕಚೇರಿಯಲ್ಲಿ, ಅದೇ ಹುಡುಗನ ಜೊತೆಗೆ! ಖುಷಿಯ ಅವಸರದಲ್ಲಿ ಅಕ್ಷರವೆಲ್ಲ ಕಾಗೆಕಾಲು ಗುಬ್ಬಿಕಾಲಾಗಿದೆ.

"ಆ ಕಲ್ಲು ಕುಟ್ಟೋನನ್ನ ಕಟ್ಕೊಂಡ್ರೆ ನೀನು ನನ್ನ ಮಗಳೇ ಅಲ್ಲ" ಅಂದಿರಲ್ಲ, ಅದಕ್ಕೇ ಇದನ್ನು ಕೇಳಿ. ನಾವು ರಿಪೇರಿ ಮಾಡುತ್ತಿರುವ ಹಳೆಯ ಗ್ರಂಥಾಲಯದ ಗೋಡೆಯೆಲ್ಲ ಸುಣ್ಣಕಲ್ಲಿನದು. ಇಲ್ಲಿನ ಕಲ್ಲುಕುಟಿಗರಲ್ಲಿ ಯಾರಿಗಾದರೂ ಮದುವೆಯಾದರೆ, ಆಮೇಲೆ ಕೂರಿಸುವ ಮೊದಲ ಕಲ್ಲಿನ, ಗೋಡೆಯೊಳಗೆ ಮುಚ್ಚಿಹೋಗುವ ಒಳಮೈಯಲ್ಲಿ ಗಂಡ ಹೆಂಡತಿ ಇಬ್ಬರೂ ತಮ್ಮ ಹೆಸರು ಕೆತ್ತಬೇಕು. ನಕ್ಷೆ ಬರೆಯುವ ನಾನು ಮೊದಲ ಸಲ ಉಳಿ ಹಿಡಿದೆ. "ಬೇಗ ಬೇಗ ಕೆತ್ತಮ್ಮಾ, ಗಣಿಯಿಂದ ಈಗ ತಾನೇ ಬಂದಿದೆ, ಬೆಣ್ಣೆ ಹಾಗಿದೆ. ಗಾಳಿ ಕುಡಿದು ಗಟ್ಟಿಯಾದ್ರೆ ನಿನ್ನ ಉಳಿ ಅಳುತ್ತೆ" ಎಂದು ಮೇಸ್ತ್ರಿ ಅವಸರಪಡಿಸಿದರು. ಅವರು ನನ್ನ ಪಾಲಿಗೆ ನನ್ನ ಹೆಸರೊಂದೇ ಸಾಕು ಅಂದರು. ನಾನು ಕೇಳಲಿಲ್ಲ. ಅದರ ಕೆಳಗೆ ನಿಮ್ಮ ಪೂರ್ತಿ ಹೆಸರು ಕೆತ್ತಿ, ಮುಂದೆ "ಅವರ ಮಗಳು" ಎಂದು ಸೇರಿಸಿದೆ. ಸಂಜೆಯ ಹೊತ್ತಿಗೆ ಕಲ್ಲು ಮೂಲೆಗೋಡೆಯೊಳಗೆ ಕೂತಿತು.

ಈಗ ನಾನು ನಿಮ್ಮ ಮಗಳಲ್ಲ ಅನ್ನಬೇಕಾದರೆ ನೀವು ಗ್ರಂಥಾಲಯವನ್ನೇ ಕೆಡವಿಸಬೇಕು ಅಪ್ಪಾ. ಕೆಡವಿಸಿ ನೋಡೋಣ!

ಅಮ್ಮನಿಗೆ ಹೇಳಿ, ಅಳಿಯನ ತಲೆಯಲ್ಲಿರುವುದು ಕಲ್ಲಿನ ಧೂಳು, ನರೆಯಲ್ಲ. ಹೊಸ ಸೋಫಾದ ಮೇಲೊಂದು ಹಳೆಯ ಬೆಡ್‌ಶೀಟ್ ಹಾಸಿಡಲಿ. ನನ್ನ ಕೋಣೆಯಲ್ಲಿ ತುಂಬಿಟ್ಟಿರುವ ಸಾಮಾನನ್ನು ತೆಗೆಸಿ, ನಾವಿಬ್ಬರು ಮಲಗಬೇಕು. ನೀವು ಕರೆಯದಿದ್ದರೂ ಬರುತ್ತೇವೆ, ಬಾಗಿಲು ತೆಗೆಯುವವರೆಗೂ ಬಡಿಯುತ್ತೇವೆ. ಭಾನುವಾರ, ಬೆಳಗಿನ ಪ್ಯಾಸೆಂಜರ್ ರೈಲಿಗೆ.

ನಿಮ್ಮ ಮಗಳು