ತಾಂತ್ರಿಕ ಕಾರಣವಲ್ಲ

ಮಾರ್ಚ್ 3, ಸೋಮವಾರ

ಬಿಸಿನೀರು, ಉಪ್ಪು, ಗಂಟಲು ಮುಕ್ಕಳಿಸಿದ್ದಾಯಿತು. ಇನ್ನು ಸಂಜೆ ಐದೂವರೆಯವರೆಗೆ ದನಿ ಏರಿಸುವ ಹಾಗಿಲ್ಲ. ಮನೆಯಲ್ಲಿ ಯಾರನ್ನೂ ಬೈಯುವ ಹಾಗಿಲ್ಲ. ಇವರಿಗೆ ಅದೇ ಹಬ್ಬ.

"ಸರ್ಕಾರ ನಿನ್ನ ದನಿಗೆ ಪಗಾರ ಕೊಟ್ಟು, ನನಗ ಶಾಂತಿ ಕೊಟ್ಟೈತಿ ನೋಡು" ಅಂದರು.

ಬೈಯಲಿಲ್ಲ. ಲಟ್ಟಣಿಗೆ ತೋರಿಸಿದೆ.

ನಮ್ಮ ಲೋಕನಾದ ಬಾನುಲಿ ನಡೆಯುವುದೇ ಸರ್ಕಾರದ ಅನುದಾನದಲ್ಲಿ. ದಿನವಿಡೀ ತೆಲುಗು, ಉರ್ದು, ಹಿಂದಿ. ಸಂಜೆ ಅರ್ಧ ತಾಸು ಮಾತ್ರ ಕನ್ನಡ. ಆ ಅರ್ಧ ತಾಸು ನನ್ನದು! ಜಂಬ ಅಂದರೆ ಜಂಬ. ನಿನ್ನೆ ಸುಲ್ತಾನ್ ಬಜಾರಿನಲ್ಲಿ ಬ್ಲೌಸ್ ಪೀಸಿಗೆ ಚೌಕಾಸಿ ಮಾಡುತ್ತಿದ್ದೆ. ಪಕ್ಕದಲ್ಲಿದ್ದ ಅಜ್ಜಿ ಮುಖ ನೋಡದೆ ಬರೀ ದನಿ ಕೇಳಿ, "ರೇಡಿಯೋ ಅನುರಾಧಾ ಅಲ್ಲೇನವಾ?" ಅಂದರು. ಅಂಗಡಿಯವನೂ ನಕ್ಕ. ರೇಟು ಮಾತ್ರ ಇಳಿಸಲಿಲ್ಲ.

ಮಾರ್ಚ್ 12, ಬುಧವಾರ

ಶಂಶಾಬಾದ್ ಕಡೆ ರೆಕಾರ್ಡಿಂಗ್. ಬಿಸಿಲೋ ಬಿಸಿಲು. ಸರ್ಕಾರ ಕಟ್ಟಿಸಿದ ಹೊಸ ಕಾಲೋನಿ, ನೋಡಲು ಚೆಂದ. ಗುಲಾಬಿ ಬಣ್ಣ. ನೀರಿಲ್ಲ. ಇರುವವರು ಹೆಚ್ಚಾಗಿ ಏರ್‌ಪೋರ್ಟಿನಲ್ಲಿ ಕ್ಲೀನಿಂಗ್ ಕೆಲಸದವರು. ಅವರಲ್ಲಿ ಅರ್ಧ ಜನ ಕಲಬುರಗಿ, ಯಾದಗಿರಿ ಕಡೆಯಿಂದ ಬಂದ ನಮ್ಮವರೇ.

ಸುಂದರಾಬಾಯಿ ಅಂತ ಒಬ್ಬರು. ಮೈಕ್ ಹಿಡಿದ ಕೂಡಲೇ ಶುರು —

"ಮಂತ್ರಿ ಬಂದ್ರು. ರಿಬ್ಬನ್ ಕತ್ತರಿಸಿದ್ರು. ನಳ ತಿರುವಿದ್ರು, ನೀರು ಬಂತು. ಫೋಟೋ ಹೊಡಕೊಂಡ್ರು. ಅವರು ಕಾರ್ ಹತ್ತಿದ್ರು ನೋಡ್ರಿ, ನೀರೂ ಅವರ ಸಂಗಾಟ ಹತ್ತಿ ಹೋತು!"

ಹೆಂಗಸರೆಲ್ಲ ಹೋ ಅಂತ ನಕ್ಕರು. ಆ ನಗುವನ್ನೂ ಹಿಡಿದುಕೊಂಡೆ. ಆಮೇಲೆ ಒಬ್ಬೊಬ್ಬರೇ ಹೇಳುತ್ತ ಹೋದರು. ಟ್ಯಾಂಕರಿಗೆ ಕಾದು ಡ್ಯೂಟಿ ತಪ್ಪಿದ್ದು. ಬಾಣಂತಿಗೆ ನೀರು ಬೇಡಿ ತಂದದ್ದು. ನೀರಿನ ಇಲಾಖೆಯ ಇಂಜಿನಿಯರನ್ನೂ ಕಂಡು ಕೇಳಿದೆ. "ಪೈಪ್‌ಲೈನ್ ಇನ್ನೂ ಮುಗಿದಿಲ್ಲ" ಅಂತ ಒಪ್ಪಿಕೊಂಡರು. ಎರಡೂ ಕಡೆಯ ಮಾತು ಸಿಕ್ಕಿತು. ಇಷ್ಟು ಒಳ್ಳೆಯ ಕಾರ್ಯಕ್ರಮ ನಾನು ಮಾಡಿ ಎಷ್ಟೋ ವರ್ಷವಾಗಿತ್ತು.

ಮಾರ್ಚ್ 17, ಸೋಮವಾರ

ಇವತ್ತಿನಿಂದ ದಿನಾ ಪ್ರಕಟಣೆ: "ಶುಕ್ರವಾರ ಸಂಜೆ ತಪ್ಪದೆ ಕೇಳಿ, ಶಂಶಾಬಾದಿನ ನಲ್ಲಿಗಳ ಕಥೆ." ಸುಂದರಾಬಾಯಿಯ ನಗುವಿನ ತುಣುಕನ್ನೂ ಸೇರಿಸಿದೆ. ಕಾರ್ಯಕ್ರಮ ಮುಖ್ಯಸ್ಥರು ಶಿವಾನಂದ ಸರ್. ಕೇಳಿ, ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು "ಛಲೋ ಆಗೇತ್ರಿ" ಅಂದರು. ಅವರು ಕನ್ನಡಕ ಒರೆಸಿದರೆ ಭಯವಾಗಿದೆ ಅಂತ ಅರ್ಥ.

ಮಾರ್ಚ್ 20, ಗುರುವಾರ

ಅರವಿಂದ್ ಬಂದಿದ್ದರು. ಆಡಳಿತ ಪಕ್ಷದವರು, ನಮ್ಮ ಬಾನುಲಿ ಸಲಹಾ ಸಮಿತಿಯ ಅಧ್ಯಕ್ಷರು. ಬೀದರಿನವರು, ಬಟ್ಟೆ ವ್ಯಾಪಾರ. ಒಂದು ಮಾತು ಬರೆಯದಿದ್ದರೆ ಅನ್ಯಾಯ — ಈ ಮನುಷ್ಯ ಸೆಕ್ರೆಟೇರಿಯಟ್ಟಿಗೆ ಚಪ್ಪಲಿ ಸವೆಸಿ ಅನುದಾನ ತಂದಿರದಿದ್ದರೆ ಕನ್ನಡದ ಅರ್ಧ ತಾಸು ಇರುತ್ತಲೇ ಇರಲಿಲ್ಲ.

"ಅಕ್ಕಾರ, ನಾಳಿನ ಕಾರ್ಯಕ್ರಮ ಬ್ಯಾಡ್ರಿ. ಅದರ ಬದಲಿ ಮಂತ್ರಿಗಳ ಉದ್ಘಾಟನಾ ಭಾಷಣ ಐತಿ, ಅದನ್ನ ಹಚ್ರಿ."

"ಯಾಕ್ರಿ? ಸುಳ್ಳು ಐತೇನು ಅದರಾಗ?"

"ಖರೇ ಐತಿ. ಅದಕ್ಕ ಬ್ಯಾಡ ಅನ್ನಾಕತ್ತೀನಿ. ಈ ತಿಂಗಳ ಅನುದಾನದ ಫೈಲ್ ಮ್ಯಾಲೆ ಹೋಗೇತಿ. ಅವರ ರೊಕ್ಕದಾಗ ಕುಂತು ಅವರಿಗೇ ಬೈದ್ರ ಹ್ಯಾಂಗ್ರಿ?"

"ಅವರ ರೊಕ್ಕ ಅಲ್ರಿ. ಸುಂದರಾಬಾಯಿ ಅಂಗಡ್ಯಾಗ ಸಬಕಾರ ತಗೊಂಡ್ರ ಅದರಾಗೂ ಟ್ಯಾಕ್ಸ್ ಐತಿ."

ಅರವಿಂದ್ ನಕ್ಕರು. ಬೇಜಾರಿನ ನಗು. ಶಿವಾನಂದ ಸರ್ ಕನ್ನಡಕ ಒರೆಸುತ್ತಲೇ ಇದ್ದರು. ಕೊನೆಗೆ, "ಡ್ರಾಪ್ ಮಾಡ್ರಿ ಅನುರಾಧಾ ಅವರ" ಅಂದರು. ನನಗೆ ಸಿಟ್ಟು ನೆತ್ತಿಗೇರಿತು. ಎದ್ದು ಬಂದೆ.

ಮಾರ್ಚ್ 21, ಶುಕ್ರವಾರ

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಪ್ರಕಟಿಸಿದ ಕಾರ್ಯಕ್ರಮ ತಪ್ಪಿದರೆ ಕೇಳುಗರ ಕ್ಷಮೆ ಕೇಳಬೇಕು. ಅದು ನಮ್ಮಲ್ಲಿ ಮೊದಲಿನಿಂದ ಬಂದ ರೂಢಿ. ಅದಕ್ಕೊಂದು ಸಿದ್ಧ ವಾಕ್ಯವೂ ಇದೆ — "ತಾಂತ್ರಿಕ ಕಾರಣಗಳಿಂದಾಗಿ ಪ್ರಸಾರವಾಗುತ್ತಿಲ್ಲ, ವಿಷಾದಿಸುತ್ತೇವೆ." ಕಲಾವಿದ ಬರದಿದ್ದರೂ ತಾಂತ್ರಿಕ ಕಾರಣ. ಯಾರೋ ಟೇಪ್ ಕಳೆದರೂ ತಾಂತ್ರಿಕ ಕಾರಣ. ನಾನೇ ಎಷ್ಟು ಸಲ ಓದಿದ್ದೇನೋ. ಇವತ್ತೂ ಅದನ್ನೇ ಬರೆದು ಕೊಟ್ಟಿದ್ದರು.

ಸ್ಟುಡಿಯೋದಲ್ಲಿ ಮಿಲಿಂದ, ನಮ್ಮ ಇಂಜಿನಿಯರ್, ಹಾಳೆ ಇಸಿದುಕೊಂಡು ಓದಿದ. ಮುಖ ಕೆಂಪಾಯಿತು.

"ಯಾವ ತಾಂತ್ರಿಕ ಕಾರಣ ರೀ ಮೇಡಂ? ಮಳಿಗಾಲದಾಗ ನೆಲಮಾಳಗಿ ತುಂಬಿತ್ತು, ಮೊಣಕಾಲ ನೀರಾಗ ನಿಂತು ಟ್ರಾನ್ಸ್‌ಮಿಟರ್ ನಡಿಸೀನಿ. ಪ್ರಸಾರ ನಿಂತಿತ್ತೇನ್ರಿ? ನೀವು ಹಿಂಗ ಓದ್ತೀರಿ, ನಾಳೆ ಹೆಡ್ ಆಫೀಸಿನವರು ಫಾಲ್ಟ್ ಏನಿತ್ತು ಅಂತ ನನ್ನ ಕೇಳ್ತಾರ. ಈ ಸಾಹೇಬರ ಹೆದರಿಕಿಗೆ ನನ್ನ ಮಷೀನಿಗೆ ಯಾಕ ಹೆಸರಿಡ್ತೀರಿ?"

ಹುಡುಗಾಟದ ಮಾತಲ್ಲ. ಕಣ್ಣಲ್ಲಿ ನೀರಿತ್ತು ಅವನಿಗೆ. ನನಗೆ ನಾಚಿಕೆಯಾಯಿತು... ಕೆಂಪು ದೀಪ ಹತ್ತಿತು. ಹಾಳೆ ಮಗುಚಿಟ್ಟು ಹೇಳಿದೆ:

"ಇಂದು ಪ್ರಸಾರವಾಗಬೇಕಿದ್ದ ಶಂಶಾಬಾದಿನ ನಲ್ಲಿಗಳ ಕಥೆ ಪ್ರಸಾರವಾಗುತ್ತಿಲ್ಲ. ಕಾರಣ ತಾಂತ್ರಿಕವಲ್ಲ. ನಮ್ಮ ಯಂತ್ರಗಳು ಸುಸ್ಥಿತಿಯಲ್ಲಿವೆ. ಸಲಹಾ ಸಮಿತಿಯಿಂದ ಬೇಡವೆಂದು ಸೂಚನೆ ಬಂದಿದೆ. ಅದರ ಬದಲು ಈಗ ಮಂತ್ರಿಗಳ ಭಾಷಣ ಕೇಳಿ."

ಗಾಜಿನ ಆಚೆ ಮಿಲಿಂದ ಎದ್ದು ನಿಂತಿದ್ದ. ಸೆಲ್ಯೂಟ್ ಹೊಡೆದ, ಹುಚ್ಚ.

ದನಿ ಒಂದಿಷ್ಟೂ ನಡುಗಲಿಲ್ಲ. ಇಷ್ಟು ವರ್ಷ ಮೈಕಿನ ಮುಂದೆ ಕೂತದ್ದು ಇವತ್ತಿಗೆ ಸಾರ್ಥಕ ಅನ್ನಿಸಿತು.

ಮಾರ್ಚ್ 24, ಸೋಮವಾರ

ಡ್ಯೂಟಿ ಚಾರ್ಟಿನಲ್ಲಿ ನನ್ನ ಹೆಸರಿಲ್ಲ. ಅದು ಗೊತ್ತಿದ್ದದ್ದೇ. ಇನ್ನೊಂದು ಗೊತ್ತಿರಲಿಲ್ಲ — ಏಪ್ರಿಲ್ ಒಂದರಿಂದ ಕನ್ನಡದ ಅರ್ಧ ತಾಸಿಗೆ ಅನುದಾನ ಇಲ್ಲ. ಕಾರ್ಯಕ್ರಮವೇ ಬಂದ್ ಅಂತ ಪ್ರಕಟಣೆಯೂ ಹೋಗಿದೆ.

ಫೋನಿಗೆ ಬಿಡುವಿಲ್ಲ. "ಭೇಷ್ ಅಕ್ಕಾರ" ಅಂದವರೇ ಹೆಚ್ಚು. ಗಚ್ಚಿಬೌಲಿಯಿಂದ ಹೇಮಂತ ಅಂತ ಒಬ್ಬರು ಮಾತ್ರ —

"ನಿಮ್ಮ ಹಟಕ್ಕ ನಮ್ಮ ಕನ್ನಡ ಹೋತಲ್ರಿ. ನಮ್ಮವ್ವ ಹಾಸಿಗಿ ಹಿಡದಾಳ. ಈ ಹದಿನಾರು ಮಜಲಿ ಬಿಲ್ಡಿಂಗ್‌ನಾಗ ಆಕಿಗೆ ಕನ್ನಡ ಮಾತಾಡಾಕ ಮಂದಿ ಇಲ್ಲ. ಒಂದನೇ ತಾರೀಖಿನಿಂದ ಏನ್ ಕೇಳಸ್ಲಿ ಆಕಿಗೆ?"

ಫೋನಿಟ್ಟು ಅತ್ತೆ. ಇವರು ಚಹಾ ಮಾಡಿ ತಂದಿಟ್ಟು ಪಕ್ಕದಲ್ಲಿ ಕೂತರು. ತಮಾಷೆ ಮಾಡಲಿಲ್ಲ.

ಮಾರ್ಚ್ 28, ಶುಕ್ರವಾರ

ಅರವಿಂದ್ ಮನೆಗೇ ಬಂದರು. ಸೋತ ಮುಖ. ಅವರಿಗೂ ಮೇಲಿನಿಂದ ಬೈಗುಳ ಬಿದ್ದಿದೆಯಂತೆ.

"ಒಂದ ಸಾಲು ಅಕ್ಕಾರ. ಸೋಮವಾರ ನೀವ ಓದ್ರಿ. 'ಅವತ್ತು ನಾ ಹೇಳಿದ್ದು ತಪ್ಪು, ಕಾರಣ ತಾಂತ್ರಿಕ' ಅಂತ. ಅಷ್ಟ ಸಾಕು. ಫೈಲ್ ನಾ ತಿರುಗಿಸಿಕೊಂಡು ಬರ್ತೀನಿ. ನನ್ನ ಕೈಯಾಗಿನ ಕೂಸ್ರಿ ಅದು, ನನಗೂ ಹೊಟ್ಟಿ ಉರೀತೈತಿ."

ಸುಳ್ಳು ಹೇಳುತ್ತಿರಲಿಲ್ಲ ಆ ಮನುಷ್ಯ.

ಒಂದು ಸಾಲು. ಹೇಮಂತನ ತಾಯಿಗೆ ದಿನಾ ಅರ್ಧ ತಾಸು. ಓದಿಬಿಡಲೇ... ನಾಲಿಗೆಯೇನೂ ಬಿದ್ದುಹೋಗುವುದಿಲ್ಲ.

ಮಾರ್ಚ್ 30, ಯುಗಾದಿ

ಹೋಳಿಗೆ ಬೇಯಿಸುವಾಗ ಸುಂದರಾಬಾಯಿ ಫೋನು. ಹಬ್ಬದ ಶುಭಾಶಯ ಹೇಳಲು.

"ನೀರು ಬಂತೇನವ್ವಾ?" ಅಂದೆ.

"ಎಲ್ಲೀದು! ಆದ್ರ ಅಕ್ಕಾರ, ಅವತ್ತು ಎಲ್ಲಾರೂ ಕಟ್ಟಿ ಮ್ಯಾಲೆ ರೇಡಿಯೋ ಇಟ್ಕೊಂಡು ಕುಂತಿದ್ವಿ. ನಮ್ಮ ಮಾತು ಬರಲಿಲ್ಲ. ಬಾಜೂ ಮನೀಯಾಕಿ, 'ಮಷೀನ್ ಕೆಟ್ಟಿರಬೇಕು' ಅಂದ್ಳು. 'ಇಲ್ಲ ತಂಗಿ, ಬಂದ್ ಮಾಡಿಸ್ಯಾರಂತ ಅಕ್ಕಾರ ಬಾಯಿಬಿಟ್ಟು ಹೇಳ್ಯಾರ' ಅಂದೆ. ನಮ್ಮ ಸಲುವಾಗಿ ಯಾರು ಹಂಗ ಹೇಳಿದ್ರು ಇವತ್ತಿನ ತನಕ?"

ಹೋಳಿಗೆ ಸೀದಿತು. ಸೀಯಲಿ.

ಓದುವುದಿಲ್ಲ.

ಮಾರ್ಚ್ 31, ಸೋಮವಾರ. ಸಂಜೆ 5.20, ಸ್ಟುಡಿಯೋ

ರಂಜಾನ್ ರಜೆ. ಆಫೀಸು ಖಾಲಿ. ಆ ಒಂದು ಸಾಲು ಓದಲಿ ಅಂತ ಇವತ್ತಿಗೆ ನನ್ನನ್ನು ಡ್ಯೂಟಿಗೆ ಹಾಕಿದ್ದರು. ಶಿವಾನಂದ ಸರ್ ರಜೆಯಲ್ಲೂ ಬಂದಿದ್ದರು. ನೇರವಾಗಿ ಹೇಳಿದೆ. "ಓದೂದಿಲ್ಲ ಸರ್. ಬೇರೆಯವರನ್ನ ಕರಸ್ರಿ."

ಈ ಸಲ ಕನ್ನಡಕ ಮುಟ್ಟಲಿಲ್ಲ.

"ನಾಳಿಂದ ಹ್ಯಾಂಗೂ ಏನೂ ಇಲ್ಲ. ಇವತ್ತಿನ ಅರ್ಧ ತಾಸು ಇನ್ನೂ ನಮ್ಮದ ಐತಲ್ರಿ" ಅಂದರು. ನಾನು ಮಾಡಿದ ಶಂಶಾಬಾದ್ ಕಾರ್ಯಕ್ರಮ ಹಚ್ಚಲು ಮಿಲಿಂದನಿಗೆ ಹೇಳಿದರು. ಆಮೇಲೆ ನನ್ನ ಹಾಳೆ ತಗೊಂಡು, ಆ ಸಾಲು ಹೊಡೆದುಹಾಕಿ, ಕೆಳಗೆ ತಮ್ಮ ಕೈಯಾರೆ ಬರೆದರು — "ಈ ಕಾರ್ಯಕ್ರಮ ಪ್ರಸಾರ ಮಾಡುವ ನಿರ್ಧಾರ ನನ್ನದು. ಶಿವಾನಂದ, ಕಾರ್ಯಕ್ರಮ ಮುಖ್ಯಸ್ಥ."

"ನಿಮ್ಮ ಒಬ್ಬರ ಹೆಸರ್ಯಾಕ ಕೆಡಬೇಕು? ನನ್ನ ಹೆಸರು ಹಚ್ಚಿ ಓದ್ರಿ. ಗಟ್ಟಿಯಾಗಿ ಓದ್ರಿ."

ಶಿವಾನಂದ ಸರ್ ಅವರನ್ನು ಅಂಜುಬುರುಕ ಅಂದುಕೊಂಡಿದ್ದೆ! ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ, ಕೈಕಟ್ಟಿಕೊಂಡು. ಹೆಂಡತಿಗೆ ಫೋನು ಮಾಡುತ್ತಿದ್ದಾರೆ — "ರೇಡಿಯೋ ಹಚ್ಚು, ನನ್ನ ಹೆಸರು ಬರತೈತಿ."

ಸುಂದರಾಬಾಯಿಗೂ ಹೇಳಿದ್ದೇನೆ. ಹೇಮಂತ ಅವರಿಗೂ. ಮಿಲಿಂದ ಕೈ ಎತ್ತಿದ. ಇನ್ನು ಪೆನ್ನು ಕೆಳಗಿಡಬೇಕು, ಕೆಂಪು ದೀಪ —