ಮೂರನೆಯ ಚೌಕ

ಅಮ್ಮಾ,

ಈ ಕಾಗದ ನಿನ್ನವರೆಗೆ ಬರುವುದಿಲ್ಲ, ಆದರೂ ಹೇಳದೆ ಇರಲಾರೆ. ನಿನ್ನ ಚಿಕ್ಕ ಮಗಳಿಗೆ ಹದಿಮೂರು ತುಂಬಿತು. ಮೊನ್ನೆ ನಾನು ಅವಳ ಫೋನ್ ಕಿತ್ತಿಟ್ಟಿದ್ದಕ್ಕೆ, "ನೀನೇನು ಅಮ್ಮನಾ?" ಎಂದು ಕೇಳಿ ಬಾಗಿಲು ಹಾಕಿಕೊಂಡವಳು ಮಾತೇ ಬಿಟ್ಟಳು.

ನನಗೆ ಬಾಯಿಗಿಂತ ಕೈ ವಾಸಿ. ಬಟ್ಟೆಯ ಅಳತೆ ತೆಗೆಯುವ ಕಂದು ಕಾಗದದಲ್ಲಿ ಚಿತ್ರಕಥೆ ಬರೆದೆ. ಮೊದಲ ಚೌಕದಲ್ಲಿ ಕೊರಳಿಗೆ ಟೇಪು ಸುತ್ತಿಕೊಂಡು ಕೂಗಾಡುವ ನಾನು. ಎರಡನೆಯದರಲ್ಲಿ ಮೂಗಿನ ತುದಿಯಲ್ಲೇ ಸಿಟ್ಟು ಹೊತ್ತ ಅವಳು. ಮೂರನೆಯದಕ್ಕೆ ಏನೂ ತೋಚಲಿಲ್ಲ. ಖಾಲಿ ಬಿಟ್ಟು ಅವಳ ಬಾಗಿಲಿಗೆ ಅಂಟಿಸಿದೆ.

ಇವತ್ತು ಅದನ್ನು ಹಿಡಿದು ಹೊಲಿಗೆ ಮಿಷನ್ ಹತ್ತಿರ ಬಂದಳು.

"ಅಕ್ಕಾ, ನನ್ನ ಮೂಗು ಬದನೆಕಾಯಿ ಥರ ಇದೆಯಾ?"

"ಸಣ್ಣದು ಮಾಡೇ ಬರೆದಿದ್ದೀನಿ ಕಣೇ."

ತುಟಿ ಕಚ್ಚಿ ನಗು ತಡೆದಳು. ಮೂರನೆಯ ಚೌಕವನ್ನು ಅವಳೇ ತುಂಬಿದ್ದಳು: ಒಂದೇ ಎತ್ತರದ ಇಬ್ಬರು ಹುಡುಗಿಯರು, ಇಬ್ಬರಿಗೂ ಎರಡೆರಡು ಜಡೆ.

"ಈ ಇನ್ನೊಬ್ಬಳು ಯಾರೇ?"

"ನೀನೇ. ನನ್ನ ವಯಸ್ಸಲ್ಲಿ ನೀನೂ ಹಿಂಗೇ ಇದ್ದ್ಯಾ?"

ಆ ವಯಸ್ಸಿಗೆ ನಾನು ಟೈಲರ್ ಅಂಗಡಿಯಲ್ಲಿ ಅಂಗಿಗೆ ಗುಂಡಿ ಹಚ್ಚುತ್ತಿದ್ದೆ, ಮೊಂಡಾಟಕ್ಕೆ ಹೊತ್ತೇ ಇರಲಿಲ್ಲ, ನಿನಗೆ ಗೊತ್ತು. "ನಿನಗಿಂತ ಮೊಂಡಿ" ಎಂದೆ.

"ಹೌದಾ? ಹೇಳು," ಎಂದು ಸ್ಟೂಲ್ ಎಳೆದುಕೊಂಡು ಕೂತಳು.

ಮಿಷನ್ ನಿಲ್ಲಿಸಿ ಒಂದೊಂದೇ ಕಥೆ ಕಟ್ಟಿದೆ, ಅಮ್ಮಾ. ಎಲ್ಲದರಲ್ಲೂ ನಿನ್ನ ಕೈಲಿ ಚೆನ್ನಾಗಿ ಬೈಸಿಕೊಂಡೆ.